ದಿನಕ್ಕೆ 16 ರೂಪಾಯಿಯ ಶಿಕ್ಷಣದ ಹಕ್ಕು

ಕಾಳಿ ನದಿಯು ಅರಬ್ಬಿ ಸಮುದ್ರವನ್ನು ಸೇರುವ ಅಳಿವೆಯ ಉತ್ತರ ದಂಡೆಯಲ್ಲಿ ದೇವಬಾಗವಿದೆ. ಗಾಳಿಮರಗಳ ತೋಪು, ಮರಳಿನ ತೀರ, ಎದುರಿಗೆ ಕಾರವಾರದ ಬಂದರು. ಹೊರಗಿನವರಿಗೆ ಇದು ಪ್ರವಾಸಿ ತಾಣ. ರಜೆಯ ದಿನಗಳನ್ನು ಕಳೆಯಲು ಬರುವವರಿಗೆ ಇಲ್ಲಿಯ ಮರಳು ಬಹಳ ಹಿತವಾಗಿರುತ್ತದೆ. ಆದರೆ ಗಾಲಿಕುರ್ಚಿಯಲ್ಲಿ ಕುಳಿತ ಮಗುವಿಗೆ ಅದೇ ಮರಳು ದಾಟಲಾಗದ ಗೋಡೆ. ಮನೆಯ ಅಂಗಳದಿಂದ ಡಾಂಬರು ರಸ್ತೆಯವರೆಗೆ ಆ ಮಗುವನ್ನು ಯಾರಾದರೂ ಎತ್ತಿಕೊಂಡೇ ಹೋಗಬೇಕು. ಮಗು ಐದು ವರ್ಷದ್ದಾಗಿರುವಾಗ ತಾಯಿ ಎತ್ತುತ್ತಾಳೆ. ಹನ್ನೆರಡಾದಾಗ ಯಾರು ಎತ್ತುತ್ತಾರೆ?

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ ಕುರಿತು ಮಾತು ಬಂದಾಗಲೆಲ್ಲ ನಮ್ಮ ಆಡಳಿತಗಾರರು ಕಾನೂನುಗಳ ಪಟ್ಟಿಯನ್ನು ಮುಂದಿಡುತ್ತಾರೆ. ಆ ಪಟ್ಟಿಗೇನೂ ಕೊರತೆಯಿಲ್ಲ. ಅಂಗವಿಕಲ ಮಕ್ಕಳು ಸಾಧ್ಯವಾದಷ್ಟೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 1974ರಲ್ಲಿ ಕೇಂದ್ರ ಸರಕಾರವು ಅದಕ್ಕಾಗಿಯೇ ಒಂದು ಯೋಜನೆಯನ್ನು ಆರಂಭಿಸಿತು. 1995ರ ಅಂಗವಿಕಲರ ಕಾಯ್ದೆಯು 18 ವರ್ಷದವರೆಗೆ ಉಚಿತ ಶಿಕ್ಷಣದ ಭರವಸೆ ನೀಡಿತು. 2009ರಲ್ಲಿ ಶಿಕ್ಷಣದ ಹಕ್ಕು ಕಾಯ್ದೆ ಬಂತು. 2012ರ ತಿದ್ದುಪಡಿಯ ಮೂಲಕ ಈ ಮಕ್ಕಳನ್ನು ಅದರ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸಲಾಯಿತು. ತೀವ್ರ ವೈಕಲ್ಯವುಳ್ಳವರಿಗೆ ಮನೆಯಲ್ಲೇ ಕಲಿಯುವ ಹಕ್ಕನ್ನೂ ಕೊಡಲಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಸರಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಯಾವ ಶಾಲೆಯೂ ಇಂತಹ ಮಗುವಿಗೆ ಬಾಗಿಲು ಮುಚ್ಚುವಂತಿಲ್ಲವೆಂದು ಅದರ 16ನೇ ಕಲಮು ಹೇಳುತ್ತದೆ. ಗುರುತಿಸಲ್ಪಟ್ಟ ವೈಕಲ್ಯವುಳ್ಳ ಮಗುವು 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತನಗೆ ಬೇಕಾದ ವಿಶೇಷ ಶಾಲೆಯಲ್ಲಾಗಲಿ ಉಚಿತವಾಗಿ ಕಲಿಯಬಹುದೆಂದು 31ನೇ ಕಲಮು ಹೇಳುತ್ತದೆ.

ಹಾಗಾದರೆ ಕೊರತೆ ಎಲ್ಲಿದೆ? ಕೊರತೆ ಇರುವುದು ಕಾನೂನಿನ ಪುಸ್ತಕದಲ್ಲಲ್ಲ, ಲೆಕ್ಕದ ಪುಸ್ತಕದಲ್ಲಿ.

ಸರ್ವ ಶಿಕ್ಷಣ ಅಭಿಯಾನ ಮತ್ತು ಮಾಧ್ಯಮಿಕ ಶಿಕ್ಷಣದ ಯೋಜನೆಗಳನ್ನು ಒಗ್ಗೂಡಿಸಿ 2018ರಲ್ಲಿ ಕೇಂದ್ರ ಸರಕಾರವು ಸಮಗ್ರ ಶಿಕ್ಷಣ ಯೋಜನೆಯನ್ನು ಜಾರಿಗೆ ತಂದಿತು. ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವಾರ್ಷಿಕ 3,000 ರೂಪಾಯಿ ಇದ್ದ ನೆರವನ್ನು ಆಗ 3,500 ರೂಪಾಯಿಗೆ ಏರಿಸಲಾಯಿತು. ಹೆಣ್ಣುಮಕ್ಕಳಿಗೆ ಒಂದರಿಂದ ಹನ್ನೆರಡನೇ ತರಗತಿಯವರೆಗೆ ತಿಂಗಳಿಗೆ 200 ರೂಪಾಯಿ ಶಿಷ್ಯವೇತನವನ್ನು ನಿಗದಿಪಡಿಸಲಾಯಿತು. ಏರಿಕೆಯನ್ನು ಆಗ ದೊಡ್ಡದಾಗಿ ಸಾರಲಾಯಿತು. 2021ರಲ್ಲಿ ಯೋಜನೆಯನ್ನು ನವೀಕರಿಸಿದಾಗ ಮಾತ್ರ 3,500 ರೂಪಾಯಿಯ ಆ ಮಿತಿ ಒಂದು ರೂಪಾಯಿಯೂ ಮೇಲೇರಲಿಲ್ಲ.

ಈ 3,500 ರೂಪಾಯಿಯನ್ನು ನಾವು ಒಮ್ಮೆ ಬಿಡಿಸಿ ನೋಡೋಣ. ಶಿಕ್ಷಣದ ಹಕ್ಕು ಕಾಯ್ದೆಯ ಪ್ರಕಾರ ಹಿರಿಯ ಪ್ರಾಥಮಿಕ ತರಗತಿಗಳು ವರ್ಷಕ್ಕೆ ಕನಿಷ್ಠ 220 ದಿನ ನಡೆಯಬೇಕು. ಭಾಗಿಸಿದರೆ ದಿನವೊಂದಕ್ಕೆ ಸುಮಾರು 16 ರೂಪಾಯಿ ಆಗುತ್ತದೆ. ದೇವಬಾಗದಿಂದ ಕಾರವಾರ ಪೇಟೆಗೆ ಹೋಗಿಬರುವ ತಾಯಿ-ಮಗುವಿನ ಪ್ರಯಾಣದ ಖರ್ಚಿಗೂ ಅದು ಸಾಲದು. ಶ್ರವಣ ಸಾಧನದ ಬ್ಯಾಟರಿ, ಕ್ಯಾಲಿಪರ್‌ನ ದುರಸ್ತಿ, ಬ್ರೈಲ್ ಪುಸ್ತಕ, ಫಿಸಿಯೋಥೆರಪಿ, ಮಾತಿನ ತರಬೇತಿ, ಬೆಂಗಾವಲು ಭತ್ಯೆ ಇವೆಲ್ಲದರ ಹೆಸರೂ ಕಾಗದದಲ್ಲಿದೆ. ಹದಿನಾರು ರೂಪಾಯಿಯಲ್ಲಿ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಾತ್ರ ಯಾವ ಸುತ್ತೋಲೆಯೂ ಹೇಳುವುದಿಲ್ಲ.

ಕರಾವಳಿಯ ಒಂದು ಸಾಮಾನ್ಯ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಇದು ಯಾವುದೇ ಒಂದು ನಿರ್ದಿಷ್ಟ ಮನೆಯ ಕಥೆಯಲ್ಲ. ಆದರೆ ಓದುಗರಲ್ಲಿ ಅನೇಕರಿಗೆ ಇಂತಹ ಮನೆಯ ಪರಿಚಯವಿದ್ದೇ ಇರುತ್ತದೆ. ತಂದೆ ದೋಣಿಯಲ್ಲಿ ದುಡಿಯುವವನು. ಹೆಣ್ಣುಮಗುವಿಗೆ ಏಳು ವರ್ಷ, ಕಿವಿ ಕೇಳುವುದಿಲ್ಲ. ಮನೆಯ ಮಾತು ಕೊಂಕಣಿ ಅಥವಾ ದಖನಿ, ಶಾಲೆಯ ಮಾತು ಕನ್ನಡ ಅಥವಾ ಉರ್ದು. ಕಿವಿ ಕೇಳುವ ಮಗುವಿಗೇ ಇದು ಎರಡು ದೋಣಿಗಳ ಮೇಲೆ ಕಾಲಿಟ್ಟಂತೆ. ಕೇಳದ ಮಗು ಎರಡೂ ದೋಣಿಗಳ ಹೊರಗೆ ನಿಂತಿರುತ್ತದೆ. ಅದರ ಹೆಸರು ಹಾಜರಿ ಪುಸ್ತಕದಲ್ಲಿದೆ. ಬಿಸಿಯೂಟ ಸಿಗುತ್ತದೆ, ಪಠ್ಯಪುಸ್ತಕ ಸಿಗುತ್ತದೆ, ಸಮವಸ್ತ್ರವೂ ಸಿಗುತ್ತದೆ. ಪಾಠ ಮಾತ್ರ ಸಿಗುವುದಿಲ್ಲ. ಶಿಕ್ಷಕಿ ಕೆಟ್ಟವರಲ್ಲ. ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಿರುವ ಅವರಿಗೆ ಸನ್ನೆ ಭಾಷೆಯನ್ನು ಯಾರೂ ಕಲಿಸಿಲ್ಲ. ಆದ್ದರಿಂದ ಮಗು ಕಪ್ಪುಹಲಗೆಯನ್ನು ನೋಡಿ ಅಕ್ಷರಗಳ ಚಿತ್ರ ಬರೆಯುತ್ತದೆ. ವರ್ಷ ಉರುಳಿದಂತೆ ತರಗತಿ ಏರುತ್ತದೆ. ಪ್ರಗತಿ ಪತ್ರವನ್ನು ನೋಡಿದ ತಂದೆ ಮಗಳು ಕಲಿಯುತ್ತಿದ್ದಾಳೆಂದು ನಂಬುತ್ತಾನೆ. ಹತ್ತನೇ ತರಗತಿಯ ಹೊತ್ತಿಗೆ ಸತ್ಯ ತಿಳಿಯುತ್ತದೆ. ಆಗ ಕಾಲ ಮಿಂಚಿರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಸರಕಾರದ ದಾಖಲೆಯಲ್ಲಿ ಈ ಮಗುವು ಶಾಲೆಯಿಂದ ಹೊರಗುಳಿದ ಮಗುವಲ್ಲ. ಅದು ಯೋಜನೆಯ ಫಲಾನುಭವಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ವಿಕಲಚೇತನರಿದ್ದರು, ಕರ್ನಾಟಕದಲ್ಲಿ 13.24 ಲಕ್ಷ. 5ರಿಂದ 19ರ ಪ್ರಾಯದ ವಿಕಲಚೇತನರಲ್ಲಿ ಶಿಕ್ಷಣ ಸಂಸ್ಥೆಗೆ ಹೋಗುತ್ತಿದ್ದವರು ಶೇ. 61. ಶೇ. 27 ಮಂದಿ ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ನಮ್ಮನ್ನು ಹೆಚ್ಚು ಕಾಡುವುದು ಆ ಶೇ. 61ರ ಪ್ರಶ್ನೆ. ಅವರಲ್ಲಿ ಹಾಜರಾದವರೆಷ್ಟು ಮಂದಿ, ಕಲಿತವರೆಷ್ಟು ಮಂದಿ?

ಕಲಿಯಬೇಕಾದರೆ ಕಲಿಸುವವರು ಬೇಕು. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರ ಅಕ್ಟೋಬರ್ 28ರಂದು ನೀಡಿದ ತೀರ್ಪು ಈ ದೃಷ್ಟಿಯಿಂದ ಬಹಳ ಮಹತ್ವದ್ದು. ಕಿರಿಯ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತವನ್ನು ಅದು ಮುಂದಿಟ್ಟಿತು. 2022ರಲ್ಲಿ ಶಿಕ್ಷಣದ ಹಕ್ಕು ಕಾಯ್ದೆಯ ಅನುಸೂಚಿಯಲ್ಲೂ ಈ ಅನುಪಾತ ಸೇರಿತು. ಆದರೂ ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡಲಿಲ್ಲ. 2025ರ ಮಾರ್ಚ್ 7ರಂದು ನ್ಯಾಯಾಲಯವು ಮತ್ತೆ ಮಧ್ಯಪ್ರವೇಶಿಸಿ, ಮಂಜೂರಾದ ಹುದ್ದೆಗಳ ಅಧಿಸೂಚನೆಯನ್ನು ಅದೇ ತಿಂಗಳ 28ರೊಳಗೆ ಹೊರಡಿಸುವಂತೆ ಎಲ್ಲ ರಾಜ್ಯಗಳಿಗೆ ಆದೇಶಿಸಬೇಕಾಯಿತು. ತನ್ನ ನಾಡಿನ ಮಗುವಿಗೆ ಶಿಕ್ಷಕರನ್ನು ಕೊಡುವುದಕ್ಕೂ ಸರಕಾರವೊಂದು ನ್ಯಾಯಾಲಯದ ಗಡುವಿಗೆ ಕಾಯುತ್ತದೆಂದರೆ ಅದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ?

ನಮ್ಮ ರಾಜ್ಯದಲ್ಲಿ ಈ ಹೊಣೆಯನ್ನು ಹೊತ್ತಿರುವವರು ಕ್ಷೇತ್ರ ಸಂಪನ್ಮೂಲ ಕೇಂದ್ರದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು. ಅವರು ಒಂದು ಶಾಲೆಯವರಲ್ಲ, ಇಡೀ ತಾಲ್ಲೂಕಿನವರು. ಕಾರವಾರ ತಾಲ್ಲೂಕೆಂದರೆ ಬರೀ ಪೇಟೆಯಲ್ಲ. ಗೋವಾದ ಗಡಿಯಿಂದ ಕಾಳಿಯ ಒಳನಾಡಿನವರೆಗೆ ಹಬ್ಬಿದ ನೆಲ. ಪಕ್ಕದ ಅಂಕೋಲಾದಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ಕಾಡಿನ ಊರುಗಳು. ಮಳೆಗಾಲದ ನಾಲ್ಕು ತಿಂಗಳಲ್ಲಿ ಈ ಊರುಗಳನ್ನು ಸುತ್ತಿ, ಮನೆಯಲ್ಲೇ ಇರುವ ಮಗುವಿಗೆ ಗೃಹಾಧಾರಿತ ಶಿಕ್ಷಣ ನೀಡಿ, ಶಾಲೆಯಲ್ಲಿರುವ ಮಗುವಿನ ಶಿಕ್ಷಕರಿಗೆ ಸಲಹೆ ಕೊಟ್ಟು, ವೈದ್ಯಕೀಯ ತಪಾಸಣಾ ಶಿಬಿರಗಳನ್ನೂ ನಡೆಸಿ, ಅಂಕಿ ಅಂಶಗಳನ್ನು ತುಂಬುವುದೆಂದರೆ ಬೆರಳೆಣಿಕೆಯ ಜನರಿಂದ ಆಗುವ ಕೆಲಸವಲ್ಲ. ಅವರ ಶ್ರದ್ಧೆಯನ್ನು ನಾವು ಶಂಕಿಸುವುದಿಲ್ಲ. ಒಬ್ಬರಿಗೆ ಹತ್ತು ಜನರ ಕೆಲಸವನ್ನು ಹೊರಿಸಿ, ಕೆಲಸವಾಗುತ್ತಿದೆಯೆಂದು ವರದಿ ಬರೆಯುವ ವ್ಯವಸ್ಥೆಯನ್ನು ಶಂಕಿಸುತ್ತೇವೆ.

ಇನ್ನು ಇಲಾಖೆಗಳ ನಡುವಿನ ಗೋಡೆಯನ್ನು ನೋಡಿ. ಸಾಮಾನ್ಯ ಶಾಲೆಯಲ್ಲಿರುವ ಮಗು ಶಿಕ್ಷಣ ಇಲಾಖೆಯದು. ವಿಶೇಷ ಶಾಲೆಗಳಿಗೆ ಅನುದಾನ ಕೊಡುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಪ್ರಮಾಣಪತ್ರ ಕೊಡುವುದು ಆರೋಗ್ಯ ಇಲಾಖೆಯ ವೈದ್ಯರು. ಮಗು ಒಂದೇ, ಬಾಗಿಲು ಮೂರು. ದೇವಬಾಗದ ತಾಯಿ ಸದಾಶಿವಗಡದ ಮೂಲಕ ಕಾಳಿ ಸೇತುವೆಯನ್ನು ದಾಟಿ ಕಾರವಾರದ ಆಸ್ಪತ್ರೆಗೆ ಬರಬೇಕು. ತಜ್ಞರು ಆ ದಿನ ಇಲ್ಲದಿದ್ದರೆ ಇನ್ನೊಂದು ದಿನ, ಪರೀಕ್ಷೆಯ ಯಂತ್ರ ಬೇರೆ ಊರಿನಲ್ಲಿದ್ದರೆ ಮತ್ತೂ ಒಂದು ದಿನ. ಪ್ರತಿ ಪ್ರಯಾಣಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ ಇಡೀ ನಾಡು ಆ ಊರಿನ ಹೆಸರನ್ನು ಕೇಳಿತು. ಸೇತುವೆ ಮುರಿದರೆ ಎಲ್ಲರಿಗೂ ಕಾಣುತ್ತದೆ. ಒಂದು ಮಗುವನ್ನು ಶಾಲೆಯೊಂದಿಗೆ ಬೆಸೆಯುವ ಸೇತುವೆ ಮುರಿದದ್ದು ಮಾತ್ರ ಯಾರಿಗೂ ಕಾಣುವುದಿಲ್ಲ.

ಹಣದ ಪ್ರಶ್ನೆಗೆ ರಾಜಕೀಯ ಮುಖವೂ ಇದೆ. ಸಮಗ್ರ ಶಿಕ್ಷಣದ ವೆಚ್ಚವನ್ನು ನಮ್ಮಂತಹ ರಾಜ್ಯಗಳಲ್ಲಿ ಕೇಂದ್ರ ಮತ್ತು ರಾಜ್ಯಗಳು 60:40ರ ಪ್ರಮಾಣದಲ್ಲಿ ಹಂಚಿಕೊಳ್ಳಬೇಕು. ಕೇಂದ್ರದ ಕಂತು ತಡವಾದರೆ ರಾಜ್ಯ ಕೈಚೆಲ್ಲುತ್ತದೆ. ರಾಜ್ಯದ ಪಾಲು ಬರದಿದ್ದರೆ ಕೇಂದ್ರವು ಮುಂದಿನ ಕಂತನ್ನು ತಡೆಯುತ್ತದೆ. ಪಿಎಂ ಶ್ರೀ ಒಪ್ಪಂದಕ್ಕೆ ಸಹಿ ಹಾಕಲಿಲ್ಲವೆಂಬ ಕಾರಣಕ್ಕೆ 2024-25ರಲ್ಲಿ ತಮಿಳುನಾಡಿಗೆ ಬರಬೇಕಾಗಿದ್ದ 2,000 ಕೋಟಿ ರೂಪಾಯಿಗೂ ಹೆಚ್ಚಿನ ಮೊತ್ತವನ್ನು ಕೇಂದ್ರ ತಡೆಹಿಡಿದದ್ದನ್ನು ನಾವು ಕಂಡೆವು. ಆ ರಾಜ್ಯ 2025ರಲ್ಲಿ ಸುಪ್ರೀಂ ಕೋರ್ಟಿನ ಮೊರೆ ಹೋಗಬೇಕಾಯಿತು. ಎರಡು ಸರಕಾರಗಳ ಜಗಳದಲ್ಲಿ ಯಾರ ವಾದ ಸರಿ ಎಂಬುದು ಬೇರೆ ಮಾತು. ಆದರೆ ಆ ನಿಧಿಯಲ್ಲೇ ವಿಶೇಷ ಶಿಕ್ಷಕರ ವೇತನವೂ ಅಂಧ ಮಗುವಿನ ಬ್ರೈಲ್ ಪುಸ್ತಕವೂ ಇತ್ತು. ಒತ್ತೆಯಾಗಿ ಉಳಿದದ್ದು ಅವೇ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕವು 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕಾಯ್ದೆಯನ್ನು ತಂದಾಗ, ಪ್ರತಿ ವಿದ್ಯಾರ್ಥಿಯ ಮೇಲಿನ ಸರಾಸರಿ ವೆಚ್ಚದ ಶೇ. 40ರಷ್ಟನ್ನು ಈ ಮಕ್ಕಳಿಗಾಗಿ ಹೆಚ್ಚುವರಿಯಾಗಿ ಒಕ್ಕೂಟ ಸರಕಾರ ಕೊಡುವುದೆಂದು ಹೇಳಿತ್ತು. ಐವತ್ತು ವರ್ಷ ಕಳೆದರೂ ಆ ಮಾತನ್ನು ಅದು ಪೂರ್ಣವಾಗಿ ಒಮ್ಮೆಯೂ ಉಳಿಸಿಕೊಂಡಿಲ್ಲ. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ಪ್ರತಿ ಮಗುವಿಗೂ ಅದರದ್ದೇ ಆದ ಲಿಖಿತ ಶಿಕ್ಷಣ ಯೋಜನೆ ಇರುತ್ತದೆ. ಅದನ್ನು ಸಿದ್ಧಪಡಿಸುವಾಗ ತಂದೆತಾಯಿ ಎದುರಿಗೆ ಕುಳಿತಿರುತ್ತಾರೆ. ಶಾಲೆ ತಪ್ಪಿದರೆ ಪ್ರಶ್ನಿಸುತ್ತಾರೆ. ಹಣ ಕಡಿಮೆಯಾದರೂ ಪ್ರಶ್ನಿಸುವ ಹಕ್ಕು ಉಳಿದಿದೆ. ನಮ್ಮಲ್ಲಿ ಹಣವೂ ಕಡಿಮೆ, ಪ್ರಶ್ನಿಸುವವರೂ ಕಡಿಮೆ.

ಒಂದು ಶಾಲೆಯಲ್ಲಿ ಒಬ್ಬರೋ ಇಬ್ಬರೋ ಇರುವ ಇಂತಹ ಮಕ್ಕಳಿಗಾಗಿ ಪ್ರತ್ಯೇಕ ಶಿಕ್ಷಕರನ್ನು ನೇಮಿಸಲು ಸಾಧ್ಯವೇ ಎಂದು ಕೆಲವರು ಕೇಳುತ್ತಾರೆ. ಅವರನ್ನೆಲ್ಲ ಜಿಲ್ಲೆಗೊಂದು ವಿಶೇಷ ಶಾಲೆಗೆ ಕಳುಹಿಸಿದರೆ ಸಾಲದೇ ಎಂದೂ ವಾದಿಸುತ್ತಾರೆ. ಮೊದಲ ಪ್ರಶ್ನೆಗೆ 2021ರ ತೀರ್ಪಿನಲ್ಲೇ ಉತ್ತರವಿದೆ. ಸಾಕಷ್ಟು ನೇಮಕಾತಿಯಾಗುವವರೆಗೆ ಕೆಲವು ಶಾಲೆಗಳ ಗುಂಪೊಂದಕ್ಕೆ ಸಂಚಾರಿ ವಿಶೇಷ ಶಿಕ್ಷಕರ ಸೇವೆಯನ್ನು ಹಂಚಬಹುದೆಂದು ಅದು ಹೇಳಿದೆ. ನಮ್ಮಲ್ಲಿ ಕ್ಲಸ್ಟರ್ ವ್ಯವಸ್ಥೆ ಈಗಾಗಲೇ ಇದೆ. ಸದಾಶಿವಗಡ, ದೇವಬಾಗದಂತಹ ಅಕ್ಕಪಕ್ಕದ ಊರುಗಳ ಶಾಲೆಗಳಿಗೆ ಒಬ್ಬ ವಿಶೇಷ ಶಿಕ್ಷಕರನ್ನು ಕೊಡುವುದು ಅಸಾಧ್ಯವೇನಲ್ಲ. ಎರಡನೆಯದ್ದು ಸ್ವಲ್ಪ ಯೋಚಿಸಬೇಕಾದ ವಾದ. ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆಯನ್ನಾಡುವ ಜೊತೆಗಾರರು ಬೇಕು, ತೀವ್ರ ಬೌದ್ಧಿಕ ನ್ಯೂನತೆಯಿರುವ ಮಗುವಿಗೆ ನಿರಂತರ ಆರೈಕೆ ಬೇಕು. ಒಳ್ಳೆಯ ವಿಶೇಷ ಶಾಲೆಗಳ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಕಾನೂನೇ ಆಯ್ಕೆಯನ್ನು ಮಗುವಿಗೆ ಬಿಟ್ಟಿದೆ. ಆದರೆ ನೆರೆಹೊರೆಯ ಶಾಲೆ ಸೋತದ್ದರಿಂದ ದೂರದ ವಸತಿ ಶಾಲೆಗೆ ಹೋಗುವುದು ಆಯ್ಕೆಯಲ್ಲ, ಗಡೀಪಾರು. ಹೆಣ್ಣುಮಗುವಾದರೆ ಬಹುತೇಕ ಮನೆಗಳಲ್ಲಿ ಆ ಗಡೀಪಾರೂ ಇಲ್ಲ. ಮನೆಯ ನಾಲ್ಕು ಗೋಡೆಯೇ ಗತಿ.

ಮಾದರಿ ಬೇಕೆಂದರೆ ಬಹಳ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದ ಪರಿಣಾಮವನ್ನು ಅಲ್ಲಿಯ ಕನ್ನಡ, ತುಳು, ಮಲಯಾಳಂ ಮನೆಗಳ ಮಕ್ಕಳು ಅನುಭವಿಸಿದರು. ನಮ್ಮ ಕರಾವಳಿಯ ಗೇರು ತೋಟಗಳೂ ಆ ವಿಷದಿಂದ ತಪ್ಪಿಸಿಕೊಂಡಿರಲಿಲ್ಲ. ಜನರ ದೀರ್ಘ ಹೋರಾಟದ ನಂತರ 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶಾದ್ಯಂತ ನಿಷೇಧಿಸಿತು. ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳು ನಡೆಸುವ ಬಡ್ಸ್ ಶಾಲೆಗಳು ಇಂತಹ ಮಕ್ಕಳಿಗೆ ತಮ್ಮ ಪಂಚಾಯಿತಿಯಲ್ಲೇ ಒಂದು ತಾಣವನ್ನು ಒದಗಿಸಿದವು. ಅಲ್ಲಿ ಎಲ್ಲವೂ ಸರಿಯಿದೆಯೆಂದು ನಾವು ಹೇಳುವುದಿಲ್ಲ. ಆದರೆ ಮಗುವಿನ ಹೊಣೆಯನ್ನು ಊರಿನ ಪಂಚಾಯಿತಿಯೇ ಹೊತ್ತುಕೊಂಡ ಕ್ರಮ ಅನುಕರಣೀಯ. ನಮ್ಮ ರಾಜ್ಯದಲ್ಲಿಯೂ ಸ್ಥಳೀಯ ಸಂಸ್ಥೆಗಳು ತಮ್ಮ ಸ್ವಂತ ಸಂಪನ್ಮೂಲದ ಶೇ. 5ನ್ನು ವಿಕಲಚೇತನರಿಗಾಗಿ ಮೀಸಲಿಡಬೇಕೆಂಬ ನಿಯಮವಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಈ ಹಣ ಶಾಲೆಯ ಇಳಿಜಾರು ದಾರಿಗೆ, ಮರಳಿನ ಮೇಲೆ ಗಾಲಿಕುರ್ಚಿ ಸಾಗುವ ನೂರು ಅಡಿ ಹಾದಿಗೆ ಖರ್ಚಾಗಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿದವರೆಷ್ಟು ಮಂದಿ?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ನಮ್ಮ ಮೊಹಲ್ಲಾಗಳಲ್ಲಿ ಇಂತಹ ಮಕ್ಕಳು ಎಲ್ಲಿದ್ದಾರೆ? ಮದುವೆ ಮನೆಯಲ್ಲಿ ಕಾಣುವುದಿಲ್ಲ, ಈದ್‌ಗಾಹ್‌ನಲ್ಲಿ ಕಾಣುವುದಿಲ್ಲ, ಮಸೀದಿಯ ಮೆಟ್ಟಿಲಲ್ಲೂ ಕಾಣುವುದಿಲ್ಲ. ಅಕ್ಕನ ಮದುವೆಗೆ ಅಡ್ಡಿಯಾದೀತೆಂದು ತಂಗಿಯನ್ನು ಒಳಕೋಣೆಯಲ್ಲಿ ಕೂಡಿಡುವ ಮನೆಗಳಿವೆ. ತಾಯಿತ, ಹರಕೆಗಳಲ್ಲಿ ಅಮೂಲ್ಯವಾದ ಆರಂಭದ ವರ್ಷಗಳನ್ನು ಕಳೆದುಕೊಳ್ಳುವ ತಂದೆತಾಯಿಗಳೂ ಇದ್ದಾರೆ. ಪ್ರವಾದಿಯವರ(ಸ) ಬಳಿಗೆ ಕಲಿಯಲು ಬಂದ ಅಂಧ ವ್ಯಕ್ತಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರನ್ನು(ರ) ನೆನಪಿಸಿಕೊಳ್ಳಿ. ಪವಿತ್ರ ಕುರ್‌ಆನಿನ 80ನೇ ಅಧ್ಯಾಯ 'ಅಬಸ' ಅವರ ಕಾರಣದಿಂದಲೇ ಅವತೀರ್ಣವಾಯಿತು. ಗಣ್ಯರೊಂದಿಗಿನ ಮಾತುಕತೆಗಿಂತ ಕಲಿಯಲು ಬಂದ ಅಂಧನ ಹಂಬಲಕ್ಕೆ ಅಲ್ಲಿ ಹೆಚ್ಚಿನ ಬೆಲೆ ಸಿಕ್ಕಿತು. ಅದೇ ಅಬ್ದುಲ್ಲಾ ಮುಂದೆ ಮದೀನಾದಲ್ಲಿ ಅಝಾನ್ ಕೊಟ್ಟರು, ಪ್ರವಾದಿಯವರ(ಸ) ಅನುಪಸ್ಥಿತಿಯಲ್ಲಿ ನಗರದ ಹೊಣೆಯನ್ನೂ ವಹಿಸಿಕೊಂಡರು. ಈ ಅಧ್ಯಾಯವನ್ನು ಕಂಠಪಾಠ ಮಾಡಿದ ನಾವು ನಮ್ಮ ಮದ್ರಸಾದ ತರಗತಿಯಲ್ಲಿ ಒಬ್ಬ ಅಂಧ ಬಾಲಕನಿಗೆ ಜಾಗವನ್ನು ಇಟ್ಟಿದ್ದೇವೆಯೇ?

ಝಕಾತ್ ಮತ್ತು ದಾನಗಳಿಂದ ಸರಕಾರದ ಹೊಣೆಯನ್ನು ತುಂಬಬೇಕೆಂಬುದು ನಮ್ಮ ವಾದವಲ್ಲ. ಮಗುವಿನ ಶಿಕ್ಷಣ ಹಕ್ಕೇ ಹೊರತು ಭಿಕ್ಷೆಯಲ್ಲ. ತೆರಿಗೆ ಕಟ್ಟಿದ ನಾಗರಿಕರು ಅದನ್ನು ಸರಕಾರದಿಂದಲೇ ಕೇಳಿ ಪಡೆಯಬೇಕು. ಆದರೆ ಹಕ್ಕನ್ನು ಕೇಳಲು ಹೋಗುವವನ ಜೊತೆಗೆ ನಿಲ್ಲುವುದು ಸಮುದಾಯದ ಹೊಣೆ. ಜಮಾಅತಿನ ಆಡಳಿತ ಸಮಿತಿಗಳು ತಮ್ಮ ವ್ಯಾಪ್ತಿಯ ಇಂತಹ ಮಕ್ಕಳ ಪಟ್ಟಿಯನ್ನು, ಜಾತಿಮತ ನೋಡದೆ ನೆರೆಮನೆಯ ಮಗುವನ್ನೂ ಸೇರಿಸಿ, ಸಿದ್ಧಪಡಿಸಲಿ. ಶಾಲೆಗೆ ಹೋಗುವ ವಿಕಲಚೇತನ ಮಕ್ಕಳ ಸಮೀಕ್ಷೆಯನ್ನು ಐದು ವರ್ಷಕ್ಕೊಮ್ಮೆ ನಡೆಸಬೇಕೆಂದು 2016ರ ಕಾಯ್ದೆಯೇ ಸರಕಾರಕ್ಕೆ ವಿಧಿಸಿದೆ. ಆ ಸಮೀಕ್ಷೆಯ ಪಟ್ಟಿಯಲ್ಲಿ ನಮ್ಮ ಊರಿನ ಮಗುವಿನ ಹೆಸರಿದೆಯೇ ಎಂದು ಪರಿಶೀಲಿಸಲಿ. ಯುಡಿಐಡಿ ಕಾರ್ಡ್ ಇಲ್ಲದವರನ್ನು ಆಸ್ಪತ್ರೆಗೆ ಕರೆದೊಯ್ಯುವ ಯುವಕರ ತಂಡವಿರಲಿ. ಕಲಿತ ಯುವತಿಯರು ವಿಶೇಷ ಶಿಕ್ಷಣದ ಬಿ.ಎಡ್. ಅಥವಾ ಡಿಪ್ಲೊಮಾ ಕಡೆಗೆ ಮನಸ್ಸು ಮಾಡಲಿ. ನ್ಯಾಯಾಲಯ ಹೇಳಿದ ಹುದ್ದೆಗಳು ನಿಜವಾಗಿಯೂ ತುಂಬುವ ದಿನ ಬಂದರೆ ತರಬೇತಿ ಪಡೆದವರೇ ಇಲ್ಲವೆಂಬ ನೆಪ ಸರಕಾರಕ್ಕೆ ಸಿಗಬಾರದು.

ತಂದೆತಾಯಿಗಳಿಗೂ ಒಂದು ಮಾತು. ನಿಮ್ಮ ಮಗು ಸರಕಾರಿ ಶಾಲೆಯಲ್ಲಿದ್ದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋಗಿ. ನಮ್ಮ ಮಗುವಿನ ಹೆಸರಿನಲ್ಲಿ ಈ ವರ್ಷ ಏನು ಬಂದಿದೆ, ಏನು ಖರ್ಚಾಗಿದೆ, ಸಂಪನ್ಮೂಲ ಶಿಕ್ಷಕರು ಎಷ್ಟು ಬಾರಿ ಬಂದಿದ್ದಾರೆ ಎಂದು ಸೌಮ್ಯವಾಗಿ, ಆದರೆ ಬರವಣಿಗೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲಿಯೂ ಸಿಗದಿದ್ದರೆ ಮಾಹಿತಿ ಹಕ್ಕಿನ ಅಡಿಯಲ್ಲಿ ಅರ್ಜಿ ಹಾಕಿ. ಪರೀಕ್ಷೆಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಇವು ಯಾರದ್ದೋ ಔದಾರ್ಯವಲ್ಲ, ಕಾನೂನಿನಲ್ಲಿರುವ ಸೌಲಭ್ಯಗಳು.

ಸರಕಾರದ ಮುಂದೆ ನಮ್ಮ ಬೇಡಿಕೆ ಸರಳವಾದದ್ದು. 2018ರಲ್ಲಿ ನಿಗದಿಯಾದ ಮೊತ್ತವನ್ನು ಇಂದಿನ ಬೆಲೆಗೆ ಅನುಗುಣವಾಗಿ ಪರಿಷ್ಕರಿಸಬೇಕು. ಕರಾವಳಿ, ಮಲೆನಾಡಿನಂತಹ ಪ್ರದೇಶಗಳಿಗೆ ಪ್ರಯಾಣ ಭತ್ಯೆಯನ್ನು ದೂರ ನೋಡಿ ಕೊಡಬೇಕು. ವಿಶೇಷ ಶಿಕ್ಷಕರ ಹುದ್ದೆಗಳನ್ನು ಗುತ್ತಿಗೆಯಲ್ಲಲ್ಲ, ಕಾಯಂ ಆಗಿ ತುಂಬಬೇಕು. ಮೂರು ಇಲಾಖೆಗಳ ಕೆಲಸ ಕ್ಷೇತ್ರ ಸಂಪನ್ಮೂಲ ಕೇಂದ್ರದ ಒಂದೇ ಮೇಜಿನ ಮೇಲೆ, ತಿಂಗಳಿಗೊಂದು ಗೊತ್ತಾದ ದಿನದಲ್ಲಿ ನಡೆಯಬೇಕು. ಹಾಜರಿಯನ್ನಲ್ಲ, ಕಲಿಕೆಯನ್ನು ಅಳೆಯಬೇಕು.

ಮಗುವಿನ ಬಾಲ್ಯ ಆಯವ್ಯಯದ ಮುಂದಿನ ವರ್ಷಕ್ಕೆ ಕಾಯುವುದಿಲ್ಲ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಏಳು ವರ್ಷದ ಮಗುವಿಗೆ ಹತ್ತಾಗುತ್ತದೆ, ಹತ್ತು ಹದಿನೆಂಟಾಗುತ್ತದೆ. ಹದಿನೆಂಟಾದ ದಿನ ಕಾನೂನು ಕೊಟ್ಟ ಉಚಿತ ಶಿಕ್ಷಣದ ಹಕ್ಕೂ ಮುಗಿಯುತ್ತದೆ. ದೇವಬಾಗದ ಮರಳಿನ ಆಚೆ ಕುಳಿತು ಅಣ್ಣತಮ್ಮಂದಿರು ಶಾಲೆಗೆ ಹೋಗುವುದನ್ನು ನೋಡುವ ಆ ಮಗುವಿಗೆ ಮಾತು ಬರದಿರಬಹುದು. ನಮಗೆ ಮಾತು ಬರುತ್ತದೆ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ, ಮುಂದಿನ ಶಾಲಾ ಸಮಿತಿಯ ಸಭೆಯಲ್ಲಿ ಅದರ ಪರವಾಗಿ ಎದ್ದು ನಿಂತು ಮಾತನಾಡಬೇಕಾದವರು ನಾವೇ.